ನಿಮ್ಮ ಲ್ಯಾಪ್‌ಟಾಪಿಗೆ ಯಾವ ಎಸ್‌ಎಸ್‌ಡಿ ಕೂರುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಎಸ್‌ಎಸ್‌ಡಿಯದ್ದೇ, ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವಿನದ್ದು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬದ ಮೇಲಿನ ಸ್ಪೀಡ್ ಆಮೇಲೆ ನೋಡಿ, ಮೊದಲು ನಿಮ್ಮ ಲ್ಯಾಪ್‌ಟಾಪಿನ ಒಳಗೆ ಎಂಥ ಜಾಗ ಇದೆ ಅಂತ ನೋಡಿ. ಕೆಳಗಿನ ಪತ್ರಗಳನ್ನು ಓದಿದರೆ ನಿಮಗೇ ಗೊತ್ತಾಗುತ್ತದೆ, ದುಡ್ಡು ದಂಡ ಆಗುವುದೆಲ್ಲ ಈ ಒಂದು ಕೆಲಸ ಬಿಟ್ಟಾಗಲೇ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2017ರಲ್ಲಿ ಕೊಂಡಿದ್ದು. 7ನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿ ಟೀ ಕುಡಿದು ಬಂದರೂ ತಯಾರಾಗಿರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಯಾವಾಗಲೂ 100% ತೋರಿಸುತ್ತದೆ. ಒಂದು ಅಂಗಡಿಯವರು ಎನ್‌ವಿಎಂಇ ಹಾಕಿಸಿ ಅಂತಾರೆ, ಇನ್ನೊಬ್ಬರು ಸಾಟಾ ಸಾಕು ಅಂತಾರೆ. ಯಾರ ಮಾತು ಕೇಳಲಿ?
— ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಬ್ಬರ ಮಾತೂ ಈಗಲೇ ಕೇಳಬೇಡಿ. ನಿಮ್ಮ ಲ್ಯಾಪ್‌ಟಾಪ್ ಏನು ಹೇಳುತ್ತದೆ ಅಂತ ಮೊದಲು ನೋಡೋಣ.

ಡಿಸ್ಕ್ 100% ಆಗುವುದು ಯಾಕೆ ಗೊತ್ತಾ? ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತಾ ಇರುತ್ತದೆ, ಓದುವ ಮುಳ್ಳು ಬೇಕಾದ ಜಾಗಕ್ಕೆ ಓಡಾಡಬೇಕು. ಒಂದು ದೊಡ್ಡ ಸಿನಿಮಾ ಫೈಲ್ ಆದರೆ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಓದುತ್ತದೆ, ತೊಂದರೆ ಇಲ್ಲ. ಆದರೆ ವಿಂಡೋಸ್ ಶುರುವಾಗುವಾಗ ಎಲ್ಲೆಲ್ಲೋ ಚದುರಿರುವ ಸಾವಿರಾರು ಚಿಕ್ಕ ತುಣುಕುಗಳು ಬೇಕು, ಆಗ ಮುಳ್ಳು ಅಲ್ಲಿಂದಿಲ್ಲಿಗೆ ಓಡುವುದರಲ್ಲೇ ಹೊತ್ತು ಹೋಗಿ ವೇಗ ಸೆಕೆಂಡಿಗೆ 1 ಎಂಬಿ ಮಟ್ಟಕ್ಕೆ ಬಿದ್ದುಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಅದಕ್ಕೇ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಹೋದಾಗ ಕಾಣುವ ವ್ಯತ್ಯಾಸ ಬೇರೆ ಯಾವ ಅಪ್‌ಗ್ರೇಡಿನಲ್ಲೂ ಕಾಣುವುದಿಲ್ಲ.

ಸಾಟಾ, ಎನ್‌ವಿಎಂಇ ಅಂದರೆ ಎಸ್‌ಎಸ್‌ಡಿ ಲ್ಯಾಪ್‌ಟಾಪಿನ ಜೊತೆ ಮಾತಾಡುವ ಎರಡು ಭಾಷೆ. ಸಾಟಾ ಹಳೇದು, ಎನ್‌ವಿಎಂಇ ಹೊಸದು, ಅದು ಪಿಸಿಐಇ ಅನ್ನುವ ಚುರುಕು ದಾರಿಯಲ್ಲಿ ಓಡುತ್ತದೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ ಓದುತ್ತದೆ, ಪಿಸಿಐಇ 3ನೇ ತಲೆಮಾರಿನ ಎನ್‌ವಿಎಂಇ 3,500 ಎಂಬಿವರೆಗೆ. ಕಾಗದದ ಮೇಲೆ ಆರು ಪಟ್ಟು. ಆದರೆ ಟ್ಯಾಲಿ, ಎಕ್ಸೆಲ್, ಕ್ರೋಮ್ ಬಳಸುವವರಿಗೆ ಈ ಎರಡರ ನಡುವೆ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮಗೆ ಎರಡರಲ್ಲಿ ಯಾವುದು ಸಿಕ್ಕರೂ ಸಂತೋಷವೇ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ, ಯಾವುದು ಒಳಗೆ ಕೂರುತ್ತದೆ?

ನಿಮ್ಮಲ್ಲಿ ಈಗಿರುವ ಹಾರ್ಡ್ ಡಿಸ್ಕ್ 2.5 ಇಂಚಿನದು. ಅದೇ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೂರುತ್ತದೆ, ಅದೇ ಕನೆಕ್ಟರ್, ಅದೇ ಸ್ಕ್ರೂ ರಂಧ್ರ. ಹಳೇ ಹಾರ್ಡ್ ಡಿಸ್ಕ್ ಕೆಲವು 9.5 ಮಿ.ಮೀ. ದಪ್ಪ ಇರುತ್ತವೆ, ಎಸ್‌ಎಸ್‌ಡಿಗಳು ಬಹುತೇಕ 7 ಮಿ.ಮೀ. ದಪ್ಪ ಜಾಗಕ್ಕೆ ತೆಳುವಾದದ್ದು ಹಾಕಿದಾಗ ಅಲ್ಲಾಡಿದರೆ ಒಂದು ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ, ಅದನ್ನು ಅಂಟಿಸಿದರೆ ಮುಗಿಯಿತು. ಈ ದಾರಿ ನಿಮಗೆ ಖಂಡಿತ ಇದೆ.

ಎನ್‌ವಿಎಂಇ ಹಾಕಬೇಕಾದರೆ ಬೋರ್ಡಿನ ಮೇಲೆ ಎಂ.2 ಸ್ಲಾಟ್, ಅಂದರೆ ತೆಳು ಕಾರ್ಡ್ ಚುಚ್ಚುವ ಜಾಗ ಇರಬೇಕು. 2017ರ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಇನ್ನು ಕೆಲವದರಲ್ಲಿ ಬೋರ್ಡಿನ ಮೇಲೆ ಸ್ಲಾಟಿನ ಗುರುತು ಅಚ್ಚಾಗಿರುತ್ತದೆ, ಸ್ಲಾಟನ್ನು ಮಾತ್ರ ಬೆಸುಗೆ ಹಾಕಿಯೇ ಇರುವುದಿಲ್ಲ. ಪತ್ತೆ ಮಾಡುವುದು ಕಷ್ಟ ಇಲ್ಲ. ಲ್ಯಾಪ್‌ಟಾಪ್ ತಿರುವಿ ಹಾಕಿ, ಕೆಳಗಿನ ಸ್ಟಿಕ್ಕರ್ ಮೇಲಿನ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ. ಬರೀ 'ಎಚ್‌ಪಿ 15' ಅಥವಾ 'ಇನ್‌ಸ್ಪಿರಾನ್ 15' ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ, ಆ ಹೆಸರಿನಲ್ಲಿ ವರ್ಷಗಟ್ಟಲೆ ಬೇರೆ ಬೇರೆ ಬೋರ್ಡಿನ ಎಷ್ಟೋ ಮಾಡೆಲ್‌ಗಳು ಬಂದಿವೆ. ಪೂರ್ತಿ ನಂಬರ್ ಕೊಟ್ಟು ಕಂಪನಿಯ ಸೈಟಿನಲ್ಲಿ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಎಚ್‌ಪಿ ಅದನ್ನು ಮೇಂಟೆನೆನ್ಸ್ ಅಂಡ್ ಸರ್ವಿಸ್ ಗೈಡ್ ಅನ್ನುತ್ತದೆ, ಲೆನೊವೊ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್ ಅನ್ನುತ್ತದೆ. ಎಲ್ಲ ಪುಕ್ಕಟೆ. ಯಾವ ಸ್ಕ್ರೂ ಎಲ್ಲಿದೆ, ಯಾವ ಅಳತೆಯ ಎಸ್‌ಎಸ್‌ಡಿ ಕೂರುತ್ತದೆ ಎಲ್ಲಾ ಚಿತ್ರ ಸಮೇತ ಇರುತ್ತದೆ. ಅಂಗಡಿಗೆ ಹೋಗುವ ಮೊದಲು ಇದನ್ನು ಓದಿದವರಿಗೆ ಯಾರೂ ತಪ್ಪು ಸಾಮಾನು ಮಾರಲು ಆಗುವುದಿಲ್ಲ.

ನನ್ನ ಸಲಹೆ ಕೇಳಿದರೆ 500 ಜಿಬಿ ಆಸುಪಾಸಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಉಳಿದ ದುಡ್ಡಿಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿ. 4 ಜಿಬಿಯಲ್ಲಿ ಎಸ್‌ಎಸ್‌ಡಿ ಹಾಕಿದರೂ ಕ್ರೋಮ್ ಉಸಿರುಗಟ್ಟಿಸುತ್ತದೆ. ಇನ್ನೊಂದು ವಿಷಯ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ 7ನೇ ತಲೆಮಾರಿನ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಟ್ಯಾಲಿಗಾಗಿ ವಿಂಡೋಸ್ ಬೇಕೇ ಬೇಕಲ್ವಾ, ಹಾಗಾಗಿ ಈ ಲ್ಯಾಪ್‌ಟಾಪ್ ಮೇಲೆ ಜಾಸ್ತಿ ಖರ್ಚು ಮಾಡಬೇಡಿ. ಓದು ಮುಗಿಯುವವರೆಗೆ ಚೆನ್ನಾಗಿ ಓಡಲಿ ಅಂತ ಎಷ್ಟು ಬೇಕೋ ಅಷ್ಟು ಹಾಕಿ. ಮುಂದೆ ಹೊಸದು ಕೊಂಡಾಗ ಈ ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಎಂ.2 ಸ್ಲಾಟ್ ಇದೆ ಅಂತ ಖಚಿತ ಮಾಡಿಕೊಂಡೇ 512 ಜಿಬಿ ಎನ್‌ವಿಎಂಇ ತರಿಸಿದೆ. ಹೋಲಿಸಿ ನೋಡಿದರೆ ಲ್ಯಾಪ್‌ಟಾಪ್ ಜೊತೆ ಬಂದಿದ್ದ 128 ಜಿಬಿ ಎಂ.2 ಕಾರ್ಡಿನ ಥರವೇ ಇದೆ. ಸ್ಲಾಟಿಗೂ ಸರಿಯಾಗಿ ಕೂತಿತು, ಸ್ಕ್ರೂ ಕೂಡ ಹಿಡಿಯಿತು. ಆದರೆ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ) ಕಾಣಿಸುತ್ತಲೇ ಇಲ್ಲ. ಕಾರ್ಡ್ ಕೆಟ್ಟಿದೆಯಾ?
— ಅಡಿಕೆ ವ್ಯಾಪಾರಿ, ಪುತ್ತೂರು

ಉತ್ತರ: ಕೆಟ್ಟಿರುವ ಸಾಧ್ಯತೆ ಕಮ್ಮಿ. ಎಂ.2 ಅನ್ನುವುದು ಬರೀ ಆಕಾರದ ಹೆಸರು. ಅದರೊಳಗೆ ಹರಿಯುವ ಭಾಷೆ ಸಾಟಾ ಆಗಿರಬಹುದು, ಎನ್‌ವಿಎಂಇ ಆಗಿರಬಹುದು. ಕೆಲವು ಸ್ಲಾಟ್ ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ನೋಡಲು ಎಲ್ಲಾ ಒಂದೇ ಥರ ಇರುವುದರಿಂದ ಈ ತೊಂದರೆಯಲ್ಲಿ ಸಿಕ್ಕಿಬೀಳುವವರು ತುಂಬಾ ಜನ.

ಹಳೇ 128 ಜಿಬಿ ಕಾರ್ಡ್ ಕೈಯಲ್ಲಿದೆಯಲ್ಲ, ಅದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿಯಿರಿ. ಸ್ಲಾಟಿನೊಳಗೆ ಹೋಗುವ ಚಿನ್ನದ ಬಣ್ಣದ ಅಂಚು ನೋಡಿ. ಅಲ್ಲಿ ಕಚ್ಚು ಇರುತ್ತದೆ, ಅಂದರೆ ಹಲ್ಲುಗಳ ಸಾಲಿನಲ್ಲಿ ಕತ್ತರಿಸಿದಂಥ ಸಣ್ಣ ಜಾಗ. ಒಂದೇ ಕಚ್ಚು, ಒಂದು ಬದಿಗೆ ಐದು ಹಲ್ಲು ಬಿಟ್ಟು ಇದ್ದರೆ ಅದಕ್ಕೆ ಎಂ ಕೀ ಅನ್ನುತ್ತಾರೆ, ಈಗಿನ ಎನ್‌ವಿಎಂಇ ಹೆಚ್ಚುಕಮ್ಮಿ ಎಲ್ಲ ಹೀಗೇ. ಎರಡೂ ಬದಿಗೆ ಒಂದೊಂದು ಕಚ್ಚು ಇದ್ದರೆ ಬಿ ಪ್ಲಸ್ ಎಂ ಕೀ. ಎಂ.2 ಸಾಟಾ ಕಾರ್ಡ್‌ಗಳು ಸಾಮಾನ್ಯವಾಗಿ ಹೀಗಿರುತ್ತವೆ. ನಿಮ್ಮ ಹಳೇದರಲ್ಲಿ ಎರಡು ಕಚ್ಚು, ಹೊಸದರಲ್ಲಿ ಒಂದೇ ಕಚ್ಚು ಕಂಡರೆ ಸ್ಲಾಟ್ ಸಾಟಾ ಮಾತ್ರ ಒಪ್ಪುವಂಥದ್ದು ಅಂತ ಅನುಮಾನ ಪಡಿ. ಪೂರ್ತಿ ಖಚಿತ ಮಾಡಿಕೊಳ್ಳಲು ಹಳೇ ಕಾರ್ಡನ್ನು ವಾಪಸ್ ಹಾಕಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ತೆರೆಯಿರಿ. ಇಂಟರ್‌ಫೇಸ್ ಅಂತ ಇರುವ ಕಡೆ ಸೀರಿಯಲ್ ಎಟಿಎ ಅಂತ ಬಂದರೆ ಅದು ಸಾಟಾ. ಅದರ ಜೊತೆಗೆ ಮ್ಯಾನ್ಯುಯಲ್‌ನಲ್ಲೂ ಎನ್‌ವಿಎಂಇ ಹೆಸರು ಇಲ್ಲದಿದ್ದರೆ ಬೇರೆ ದಾರಿ ಇಲ್ಲ, ಹೊಸದನ್ನು ವಾಪಸ್ ಮಾಡಿ ಎಂ.2 ಸಾಟಾ ತರಿಸಿ. ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಬಹುದು. ಸ್ಲಾಟಿಗೆ ಪಿಸಿಐಇ ತಂತಿಗಳೇ ಎಳೆದಿಲ್ಲದಿದ್ದರೆ ಬಯೋಸ್ ಏನೂ ಮಾಡಲಾರದು.

ಉದ್ದದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಇದನ್ನು ಬೇರೆ ಇಬ್ಬರು ಕೇಳಿದ್ದಾರೆ. 2280, 2242, 2230 ಅಂತ ನಂಬರ್ ಇರುತ್ತಲ್ಲ, ಮೊದಲ ಎರಡು ಅಂಕಿ ಅಗಲ, ಉಳಿದಿದ್ದು ಉದ್ದ. 2280 ಅಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಅಂಗಡಿಯಲ್ಲಿ ಜಾಸ್ತಿ ಸಿಗುವುದು ಇದೇ. ಆದರೆ ಲೆನೊವೊದ ಹಲವು ಐಡಿಯಾಪ್ಯಾಡ್‌ಗಳಲ್ಲಿ 2242, ಡೆಲ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ 2230 ಬರುತ್ತದೆ. ಕೆಲವದರಲ್ಲಿ ಸ್ಕ್ರೂ ಕೂರುವ ಕಂಬವನ್ನು ಬಿಚ್ಚಿ ಮುಂದಿನ ರಂಧ್ರಕ್ಕೆ ಹಾಕಬಹುದು, ಕೆಲವದರಲ್ಲಿ 42ರ ಆಚೆಗೆ ಬ್ಯಾಟರಿಯೇ ಅಡ್ಡ ಇರುತ್ತದೆ. ಚಿಕ್ಕದನ್ನು ದೊಡ್ಡ ಜಾಗಕ್ಕೆ ಒಂದು ಲೋಹದ ಪಟ್ಟಿ ಹಾಕಿ ಕೂರಿಸಬಹುದು. ದೊಡ್ಡದನ್ನು ಚಿಕ್ಕ ಜಾಗಕ್ಕೆ ಏನು ಮಾಡಿದರೂ ಆಗದು.

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಕೊಂಡೆ. ಒಳಗೆ 256 ಜಿಬಿ ಇದೆ. ಅದನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಹಾಕಲು ಸಾಧ್ಯವಾ?
— ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು

ಉತ್ತರ: ಸಾಧ್ಯ. ಟಿ480ಯಲ್ಲಿ ಸಿಮ್ ಮೂಲಕ ಇಂಟರ್ನೆಟ್ ಕೊಡುವ ಕಾರ್ಡಿಗೆ ಅಂತ ಒಂದು ಚಿಕ್ಕ ಎಂ.2 ಸ್ಲಾಟ್ ಇದೆ, ಬಹಳ ಯಂತ್ರಗಳಲ್ಲಿ ಅದು ಖಾಲಿ ಬಿದ್ದಿರುತ್ತದೆ. ಅಲ್ಲಿಗೆ 2242 ಉದ್ದದ ಎನ್‌ವಿಎಂಇ ಕೂರುತ್ತದೆ. ಆದರೆ ಪುತ್ತೂರಿನವರಿಗೆ ಹೇಳಿದ ಕಚ್ಚಿನ ವಿಷಯ ಇಲ್ಲಿ ಮುಖ್ಯ. ಈ ಸ್ಲಾಟ್ ಬಿ ಕೀ, ಹಾಗಾಗಿ ಎರಡು ಕಚ್ಚು ಇರುವ ಎನ್‌ವಿಎಂಇ ಮಾತ್ರ ಹೋಗುತ್ತದೆ. ಅಂಥವು ಕಮ್ಮಿ, ಹುಡುಕಬೇಕು. ಡಬ್ ಡಬ್ ಅಂತ ಒತ್ತಿ ಒಂದು ಕಚ್ಚಿನದನ್ನು ತೂರಿಸಲು ಹೋಗಬೇಡಿ, ಸ್ಲಾಟ್ ಮುರಿಯುತ್ತದೆ. ವೇಗ ಮುಖ್ಯ ಸ್ಲಾಟಿನಷ್ಟು ಬರುವುದಿಲ್ಲ, ಫೋಟೋ, ಹಾಡು, ಕಡತಗಳಿಗೆ ಧಾರಾಳ ಸಾಕು. ಇಷ್ಟೆಲ್ಲ ಬೇಡ ಅನ್ನಿಸಿದರೆ 256ರ ಜಾಗಕ್ಕೇ 1 ಟಿಬಿ ಹಾಕುವುದು ಸುಲಭದ ದಾರಿ.

ಪ್ರಶ್ನೆ: ಯಕ್ಷಗಾನ ಪ್ರಸಂಗಗಳನ್ನು ವಿಡಿಯೋ ಮಾಡಿ ಎಡಿಟ್ ಮಾಡುತ್ತೇನೆ. ರಾತ್ರಿಯಿಡೀ ನಡೆಯುವ ಆಟ, ಎರಡು ಕ್ಯಾಮೆರಾ, ಫೈಲ್‌ಗಳು ನೂರಾರು ಜಿಬಿ. ಲ್ಯಾಪ್‌ಟಾಪಿನಲ್ಲಿ ಪಿಸಿಐಇ 3ನೇ ತಲೆಮಾರಿನ ಸ್ಲಾಟ್ ಇದೆ. 4ನೇ ತಲೆಮಾರಿನ 7,000 ಎಂಬಿ ವೇಗದ 2 ಟಿಬಿ ಹಾಕಿದರೆ ನಡೆಯುತ್ತದಾ? ಬೇಗ ಸವೆದು ಹೋಗುತ್ತದೆ ಅಂತಲೂ ಹೇಳುತ್ತಾರೆ.
— ವಿಡಿಯೋಗ್ರಾಫರ್, ಹೊನ್ನಾವರ

ಉತ್ತರ: ನಡೆಯುತ್ತದೆ, ಆದರೆ 3,500ರ ಆಸುಪಾಸಿನಲ್ಲೇ ಓಡುತ್ತದೆ. ಸ್ಲಾಟ್ ಎಷ್ಟು ಕೊಡುತ್ತದೋ ಅಷ್ಟೇ. ಎರಡರ ಬೆಲೆ ಹತ್ತಿರ ಇದ್ದರೆ 4ನೇ ತಲೆಮಾರಿನದೇ ಕೊಳ್ಳಿ, ಮುಂದಿನ ಲ್ಯಾಪ್‌ಟಾಪಿಗೆ ಸಾಗಿಸಬಹುದು. ಬರೀ 7,000 ಅನ್ನುವ ನಂಬರಿಗಾಗಿ ಜಾಸ್ತಿ ಕೊಡಬೇಡಿ.

ನಿಮ್ಮ ಕೆಲಸಕ್ಕೆ ಅದಕ್ಕಿಂತ ಮುಖ್ಯವಾದ ಬೇರೊಂದು ವಿಷಯ ಇದೆ, ಅದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದಿಲ್ಲ. ಡಬ್ಬದ ಮೇಲಿನ ಬರೆಯುವ ವೇಗ ಶುರುವಿನ ವೇಗ. ಎಸ್‌ಎಸ್‌ಡಿ ತನ್ನ ಒಂದು ಭಾಗವನ್ನು ಚುರುಕಾದ ತಾತ್ಕಾಲಿಕ ಜಾಗವಾಗಿ ಇಟ್ಟುಕೊಂಡಿರುತ್ತದೆ, ಬಂದ ಡೇಟಾ ಮೊದಲು ಅಲ್ಲಿಗೆ ಬೀಳುತ್ತದೆ, ಆಮೇಲೆ ಪುರುಸೊತ್ತಿನಲ್ಲಿ ಒಳಗಿನ ಕಣಜಕ್ಕೆ ಹೋಗುತ್ತದೆ. ನಾಲ್ಕು ಫೋಟೋ ಹಾಕುವವರಿಗೆ ಆ ಅಂಗಳ ಯಾವತ್ತೂ ತುಂಬುವುದಿಲ್ಲ. ನೀವು ಒಂದೇ ಸಲಕ್ಕೆ 300 ಜಿಬಿ ಸುರಿಯುತ್ತೀರಿ, ತುಂಬುತ್ತದೆ. ತುಂಬಿದ ಮೇಲೆ ಏನಾಗುತ್ತದೆ ಅನ್ನುವುದರಲ್ಲೇ ಎಸ್‌ಎಸ್‌ಡಿಯ ನಿಜವಾದ ಯೋಗ್ಯತೆ ಗೊತ್ತಾಗುವುದು. ಟಿಎಲ್‌ಸಿ ಅನ್ನುವ ಬಗೆಯಲ್ಲಿ ಒಂದೊಂದು ಕೋಶಕ್ಕೆ 3 ಬಿಟ್, ಕ್ಯುಎಲ್‌ಸಿಯಲ್ಲಿ 4 ಬಿಟ್ ತುಂಬುತ್ತಾರೆ. ಕ್ಯುಎಲ್‌ಸಿ ಅಗ್ಗ, ಆದರೆ ಆ ತಾತ್ಕಾಲಿಕ ಜಾಗ ಮುಗಿದ ಮೇಲೆ ಕೆಲವು ಕ್ಯುಎಲ್‌ಸಿ ಡ್ರೈವ್‌ಗಳು ಹಾರ್ಡ್ ಡಿಸ್ಕಿನ ಮಟ್ಟಕ್ಕೇ ಇಳಿದುಬಿಡುತ್ತವೆ. ಒಂದು ಆಟದ ವಿಡಿಯೋ ಕಾಪಿ ಆಗುವಷ್ಟರಲ್ಲಿ ಬೆಳಗಾಗುತ್ತದೆ. ಆದ್ದರಿಂದ ನೀವು ಟಿಎಲ್‌ಸಿಯನ್ನೇ ಕೇಳಿ ತೆಗೆದುಕೊಳ್ಳಿ, ಸಾಧ್ಯವಾದರೆ ಡಿರ‍್ಯಾಮ್, ಅಂದರೆ ಎಸ್‌ಎಸ್‌ಡಿಯದ್ದೇ ಆದ ಚಿಕ್ಕ ರ‍್ಯಾಮ್, ಇರುವುದನ್ನೇ ನೋಡಿ. ಮನೆ ಬಳಕೆಯವರಿಗೆ ಡಿರ‍್ಯಾಮ್ ಇಲ್ಲದ ಎನ್‌ವಿಎಂಇ ಕೂಡ ಪರವಾಗಿಲ್ಲ, ಅದು ಲ್ಯಾಪ್‌ಟಾಪಿನ ರ‍್ಯಾಮ್‌ನಲ್ಲಿ ಸ್ವಲ್ಪ ಸಾಲ ಪಡೆದು ಕೆಲಸ ಸಾಗಿಸುತ್ತದೆ.

ಸವೆತದ ಭಯ ಬೇಡ. ಪ್ರತಿ ಎಸ್‌ಎಸ್‌ಡಿಗೂ ಟಿಬಿಡಬ್ಲ್ಯು ಅಂತ ಒಂದು ಲೆಕ್ಕ ಇರುತ್ತದೆ, ವಾರಂಟಿ ಅವಧಿಯಲ್ಲಿ ಒಟ್ಟು ಎಷ್ಟು ಟಿಬಿ ಬರೆಯಬಹುದು ಅಂತ. ಸ್ಯಾಮ್‌ಸಂಗ್ 970 ಇವೊ ಪ್ಲಸ್ 1 ಟಿಬಿಗೆ ಅದು 600. ದಿನಾ 100 ಜಿಬಿ ಬರೆದರೂ ವರ್ಷಕ್ಕೆ 36.5 ಟಿಬಿ ಆಯಿತು, 600 ಮುಟ್ಟಲು ಹದಿನಾರು ವರ್ಷ ಬೇಕು. ಅದಕ್ಕೆ ಮೊದಲು ಲ್ಯಾಪ್‌ಟಾಪೇ ಮೂಲೆ ಸೇರಿರುತ್ತದೆ. ನೀವು ನಿಜವಾಗಿ ಹೆದರಬೇಕಾಗಿರುವುದು ಶಾಖಕ್ಕೆ. ಲ್ಯಾಪ್‌ಟಾಪಿನ ಒಳಗೆ ಗಾಳಿ ಕಮ್ಮಿ, ಕಾದರೆ ಎಸ್‌ಎಸ್‌ಡಿ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ದಪ್ಪ ಹೀಟ್‌ಸಿಂಕ್ ಇರುವ ಮಾಡೆಲ್ ಡೆಸ್ಕ್‌ಟಾಪಿಗೆ, ನಿಮ್ಮ ಮುಚ್ಚಳ ಮುಚ್ಚುವುದಿಲ್ಲ. ಹಾಗೆಯೇ 2 ಟಿಬಿಯಲ್ಲಿ ಕೆಲವಕ್ಕೆ ಎರಡೂ ಬದಿಗೆ ಚಿಪ್ ಇರುತ್ತದೆ, ತೆಳು ಲ್ಯಾಪ್‌ಟಾಪಿನಲ್ಲಿ ಅದು ಬೋರ್ಡಿಗೆ ತಾಗುತ್ತದೆ. ಒಂದೇ ಬದಿಗೆ ಚಿಪ್ ಇರುವುದನ್ನು ಆರಿಸಿ.

ಇನ್ನೊಂದು ಕಳಕಳಿಯ ಮಾತು. ನಿಮ್ಮ ಹತ್ತಿರ ಇರುವುದು ಮತ್ತೆ ಸಿಗದ ದಾಖಲೆ. ಇವತ್ತು ಚಿತ್ರೀಕರಿಸಿದ ಭಾಗವತರ ಪದವನ್ನು ಹತ್ತು ವರ್ಷ ಬಿಟ್ಟು ಅದೇ ಕಂಠದಲ್ಲಿ ಕೇಳಲು ಆಗುತ್ತದೋ ಇಲ್ಲವೋ. ಎಸ್‌ಎಸ್‌ಡಿ ಎಷ್ಟೋ ಸಲ ಒಂದು ಮುನ್ಸೂಚನೆಯೂ ಇಲ್ಲದೆ ನಿಂತುಹೋಗುತ್ತದೆ, ಹಾರ್ಡ್ ಡಿಸ್ಕಿನ ಹಾಗೆ ಕಟ್‌ಕಟ್ ಸದ್ದು ಕೂಡ ಮಾಡುವುದಿಲ್ಲ. ಎಡಿಟಿಂಗ್ ಎಸ್‌ಎಸ್‌ಡಿಯಲ್ಲಿ ಮಾಡಿ, ಮುಗಿದ ಮೇಲೆ ಮೂಲ ಫೈಲ್‌ಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ.

ಪ್ರಶ್ನೆ: ನಮ್ಮದು ಡಿಟಿಪಿ ಕೆಲಸ. ಹಳೇ ಲ್ಯಾಪ್‌ಟಾಪ್, ವಿಂಡೋಸ್ 7, ಪೇಜ್‌ಮೇಕರ್, ನುಡಿ. ಲಗ್ನಪತ್ರಿಕೆಯಿಂದ ಹಿಡಿದು ಪುಸ್ತಕದವರೆಗೆ ಎಲ್ಲ ಅದರಲ್ಲೇ. 500 ಜಿಬಿ ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದೆ. ಏನೂ ಕಳೆದುಹೋಗದ ಹಾಗೆ ಎಸ್‌ಎಸ್‌ಡಿಗೆ ಬದಲಾಯಿಸುವುದು ಹೇಗೆ? 480 ಜಿಬಿಯದು ನೋಡಿ ಇಟ್ಟಿದ್ದೇನೆ.
— ಡಿಟಿಪಿ ಆಪರೇಟರ್, ಗದಗ

ಉತ್ತರ: ಸದ್ದು ಮಾಡುತ್ತಿದೆ ಅಂದರೆ ಮೊದಲು ಈ ಪತ್ರಿಕೆ ಪಕ್ಕಕ್ಕಿಟ್ಟು ನಿಮ್ಮ ಕಡತಗಳನ್ನು ಪೆನ್‌ಡ್ರೈವಿಗೋ ಇನ್ನೊಂದು ಡಿಸ್ಕಿಗೋ ಕಾಪಿ ಮಾಡಿಕೊಳ್ಳಿ. ಕ್ಲೋನ್ ಮಾಡುವಾಗ, ಅಂದರೆ ಇಡೀ ಡಿಸ್ಕನ್ನು ವಿಂಡೋಸ್ ಸಮೇತ ಇನ್ನೊಂದಕ್ಕೆ ನಕಲು ಇಳಿಸುವಾಗ, ಅದನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಓದಬೇಕಾಗುತ್ತದೆ, ಸಾಯುತ್ತಿರುವ ಡಿಸ್ಕ್ ಅದೇ ಹೊತ್ತಿಗೆ ಕೈಕೊಡಬಹುದು.

ಕಾಪಿ ಮಾಡುವಾಗ ಫಾಂಟ್ ಮರೆಯಬೇಡಿ. ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಅದರೊಳಗೆ ಫಾಂಟ್ಸ್. ಅಲ್ಲಿ ನುಡಿ 01 ಇ ಇಂದ ಶುರುವಾಗಿ ನೀವು ಬಳಸುವ ಎಲ್ಲ ಫಾಂಟ್‌ಗಳನ್ನೂ ತೆಗೆದಿಟ್ಟುಕೊಳ್ಳಿ. ಹಳೇ ನುಡಿ ಕಡತಗಳು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ಗೋಜಲು ಕಾಣುತ್ತದೆ. ನೂರು ಪುಟದ ಪುಸ್ತಕ ಹಾಗೆ ತೆರೆದುಕೊಂಡರೆ ಎದೆ ಧಸಕ್ಕೆನ್ನುತ್ತದೆ.

ಈಗ 480ರ ವಿಷಯ. ಅದನ್ನು ಕೊಳ್ಳಬೇಡಿ. ವಿಂಡೋಸ್ ಲೆಕ್ಕದಲ್ಲಿ 500 ಜಿಬಿ ಡಿಸ್ಕ್ 465 ಜಿಬಿ ಅಂತ ಕಾಣುತ್ತದೆ, 480 ಜಿಬಿಯದು 447. ಕ್ಲೋನ್‌ಜಿಲ್ಲಾದಂಥ ಸಾಫ್ಟ್‌ವೇರ್ ದೊಡ್ಡ ಡಿಸ್ಕನ್ನು ಚಿಕ್ಕದಕ್ಕೆ ನೇರವಾಗಿ ಇಳಿಸುವುದಿಲ್ಲ, ಒಳಗೆ ಬರೀ 100 ಜಿಬಿ ತುಂಬಿದ್ದರೂ ಅಷ್ಟೇ. ಮೊದಲು ಪಾರ್ಟಿಶನ್ ಕುಗ್ಗಿಸಬೇಕು, ಸದ್ದು ಮಾಡುವ ಡಿಸ್ಕಿನಲ್ಲಿ ಆ ಕೆಲಸ ಬೇಡವೇ ಬೇಡ. 512 ಜಿಬಿ ಅಥವಾ ಅದಕ್ಕಿಂತ ದೊಡ್ಡದು ತಗೊಳ್ಳಿ, ತಲೆನೋವೇ ಇಲ್ಲ. ಮತ್ತೆ 2.5 ಇಂಚಿನ ಸಾಟಾವೇ ಆಗಬೇಕು. ವಿಂಡೋಸ್ 7ರಲ್ಲಿ ಎನ್‌ವಿಎಂಇ ಡ್ರೈವರ್ ಮೂಲದಲ್ಲಿ ಇಲ್ಲ.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ, ಕ್ಲೋನ್ ಮಾಡಿ, ಆಮೇಲೆ ಡಿಸ್ಕ್ ಅದಲು ಬದಲು ಮಾಡಿ. ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ ಇರಲಿ, ಎಎಚ್‌ಸಿಐ ಇರಲಿ, ಮೊದಲು ಹೇಗಿತ್ತೋ ಹಾಗೇ ಬಿಡಿ, ಸುಮ್ನೆ ಬದಲಾಯಿಸಿದರೆ ನೀಲಿ ಪರದೆ ಬರುತ್ತದೆ. ಎಲ್ಲ ಸರಿಯಾದ ಮೇಲೆ ಡಿಫ್ರಾಗ್ ವೇಳಾಪಟ್ಟಿ ಆಫ್ ಮಾಡಿ, ಎಸ್‌ಎಸ್‌ಡಿಗೆ ಅದು ಬೇಡ. ಇನ್ನು ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆ ಯಂತ್ರಕ್ಕೆ ಇಂಟರ್ನೆಟ್ ಕೊಡಬೇಡಿ, ಗಿರಾಕಿಗಳ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಹಾಕಿ.

ಪ್ರಶ್ನೆ: 12ನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪಿಗೆ 1 ಟಿಬಿ ಎನ್‌ವಿಎಂಇ ಹಾಕಿದೆ. ಬಯೋಸ್‌ನಲ್ಲಿ ಕಾಣಿಸುತ್ತದೆ. ವಿಂಡೋಸ್ 11 ಇನ್‌ಸ್ಟಾಲ್ ಮಾಡಲು ಹೋದರೆ ಡ್ರೈವೇ ಇಲ್ಲ ಅನ್ನುತ್ತದೆ. ಹಳೇ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಲ್ಯಾಪ್‌ಟಾಪಿಗೆ ಚುಚ್ಚಿದರೆ ಯಾವುದೋ 48 ಅಂಕಿಯ ಕೀ ಕೇಳುತ್ತದೆ. ನಾನು ಯಾವತ್ತೂ ಲಾಕ್ ಹಾಕಿಲ್ಲ!
— ಪ್ರೌಢಶಾಲಾ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಎರಡೂ ಸರಿಹೋಗುತ್ತವೆ ಮೇಷ್ಟ್ರೇ, ಗಾಬರಿ ಬೇಡ.

ಮೊದಲನೆಯದಕ್ಕೆ ಕಾರಣ ಇಂಟೆಲ್‌ನ ವಿಎಂಡಿ ಅನ್ನುವ ವ್ಯವಸ್ಥೆ. 11ನೇ ತಲೆಮಾರಿನಿಂದ ಈಚೆಗೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ, ಆಗ ಎಸ್‌ಎಸ್‌ಡಿ ಅದರ ಹಿಂದೆ ನಿಂತಿರುತ್ತದೆ, ವಿಂಡೋಸ್ ಇನ್‌ಸ್ಟಾಲರಿಗೆ ಕಾಣುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್‌ಗೆ ಇರುವ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ, ಬಿಚ್ಚಿ ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿಗೆ ಹಾಕಿ. ಇನ್‌ಸ್ಟಾಲರ್‌ನಲ್ಲಿ ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿದರೆ ಡ್ರೈವ್ ಕಾಣುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡುತ್ತಿರುವುದರಿಂದ ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ನಡೆಯುತ್ತದೆ. ವಿಂಡೋಸ್ ಮತ್ತೆ ಕೊಳ್ಳಬೇಕಾಗಿಲ್ಲ, ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ.

ಎರಡನೆಯದು ಬಿಟ್‌ಲಾಕರ್, ಡ್ರೈವಿಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ. ನೀವು ಹಾಕಿಲ್ಲ ಅನ್ನುವುದು ನಿಜವೇ, ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿ ಆನ್ ಆಗಿರುತ್ತದೆ. ಕೀ ಅದೇ ಅಕೌಂಟಿನಲ್ಲಿ ಉಳಿದಿರುತ್ತದೆ. ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ಡಿವೈಸ್ ಪಟ್ಟಿಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಆರಿಸಿ ರಿಕವರಿ ಕೀ ನೋಡಿ. ಬೇರೆ ಓದುಗರು ಎಸ್‌ಎಸ್‌ಡಿ ಬಿಚ್ಚುವ ಮೊದಲೇ ಈ ಕೀಯನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕ್ಲೋನ್ ಮಾಡುವುದಿದ್ದರೆ ಮೊದಲು ಬಿಟ್‌ಲಾಕರ್ ಆಫ್ ಮಾಡಿ.

ಪ್ರಶ್ನೆ: 2017ರ ಮ್ಯಾಕ್‌ಬುಕ್ ಏರ್, 128 ಜಿಬಿ ತುಂಬಿಹೋಗಿದೆ. ಸಾಮಾನ್ಯ ಎನ್‌ವಿಎಂಇ ಹಾಕಬಹುದಾ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ನೇರವಾಗಿ ಆಗುವುದಿಲ್ಲ, ಆಪಲ್‌ನ ಸ್ಲಾಟ್ ಬೇರೆಯದು. ನಡುವೆ ಹಾಕುವ ಚಿಕ್ಕ ಅಡಾಪ್ಟರ್ ಸಿಗುತ್ತದೆ, ಅದಕ್ಕೆ ಎಂ.2 ಎನ್‌ವಿಎಂಇ ಚುಚ್ಚಿದರೆ ಕೆಲಸ ಮಾಡುತ್ತದೆ. ಒಂದು ಷರತ್ತು, ಬದಲಾಯಿಸುವ ಮೊದಲೇ ಯಂತ್ರದಲ್ಲಿ ಮ್ಯಾಕ್‌ಒಎಸ್ ಹೈ ಸಿಯೆರಾ ಅಥವಾ ಅದಕ್ಕಿಂತ ಹೊಸದು ಇನ್‌ಸ್ಟಾಲ್ ಆಗಿರಬೇಕು, ಅದರ ಜೊತೆಗೇ ಎನ್‌ವಿಎಂಇ ಗುರುತಿಸುವ ಫರ್ಮ್‌ವೇರ್ ಬರುವುದು. ಟೈಮ್ ಮೆಷಿನ್ ಬ್ಯಾಕಪ್ ತಗೊಂಡು ಶುರು ಮಾಡಿ. ಹಿಂಬದಿ ಮುಚ್ಚಳಕ್ಕೆ ಐದು ಎಸಳಿನ ಸ್ಕ್ರೂಡ್ರೈವರ್, ಎಸ್‌ಎಸ್‌ಡಿಗೆ ಟಿ5 ಬೇಕು. ಈ ಮಾಡೆಲ್‌ಗೆ ಆಪಲ್ ಕೊಟ್ಟ ಕೊನೆಯ ಆವೃತ್ತಿ ಮಾಂಟೆರಿ, ಅದನ್ನು ಲೆಕ್ಕಕ್ಕೆ ತಗೊಂಡೇ ಖರ್ಚು ಮಾಡಿ. 2018ರಿಂದ ಈಚಿನ ಮ್ಯಾಕ್‌ಬುಕ್ ಏರ್ ಇರುವವರು ಈ ಯೋಚನೆ ಬಿಡಿ, ಅವುಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಎಂ.2 ಎಸ್‌ಎಸ್‌ಡಿ ಇದೆ, ಪಕ್ಕದಲ್ಲಿ 2.5 ಇಂಚಿನ ಜಾಗ ಖಾಲಿ ಇದೆ. ಸಾಟಾ ಎಸ್‌ಎಸ್‌ಡಿ ತಂದು ಬಿಚ್ಚಿದರೆ ಚುಚ್ಚಲು ಕನೆಕ್ಟರೇ ಇಲ್ಲ!
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಕಾರ್ಖಾನೆಯಿಂದಲೇ ಹಾಗೆ ಬರುತ್ತದೆ. ಆ ಜಾಗದಿಂದ ಬೋರ್ಡಿಗೆ ಒಂದು ಚಪ್ಪಟೆ ಕೇಬಲ್, ಡಿಸ್ಕ್ ಹಿಡಿಯುವ ಬ್ರಾಕೆಟ್, ಸ್ಕ್ರೂಗಳು ಬೇಕು. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಆ ಕೇಬಲಿನ ಪಾರ್ಟ್ ನಂಬರ್ ಇರುತ್ತದೆ, ಅದನ್ನೇ ಹೇಳಿ ತರಿಸಿ. 'ಇದೇ ಥರದ್ದು' ಅಂತ ಕೊಟ್ಟರೆ ಬೇಡ ಅನ್ನಿ, ಉದ್ದ ಮತ್ತು ಪಿನ್ ಬದಲಾಗುತ್ತದೆ. ಖಾಲಿ ಎಂ.2 ಸ್ಲಾಟ್ ಇರುವವರೂ ಗಮನಿಸಿ, ಅಲ್ಲಿ ಬಹಳ ಸಲ ಸ್ಕ್ರೂ ಇರುವುದಿಲ್ಲ, ಎಸ್‌ಎಸ್‌ಡಿ ಡಬ್ಬದಲ್ಲೂ ಕೊಡುವುದಿಲ್ಲ. ಕಾರ್ಡನ್ನು ಓರೆಯಾಗಿ ತೂರಿಸಿದಾಗ ಹಿಂಬದಿ ಮೇಲಕ್ಕೆ ಎದ್ದು ನಿಲ್ಲುತ್ತದೆ, ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಸ್ಕ್ರೂ ಹಾಕಬೇಕು. ಟೇಪ್ ಅಂಟಿಸಿ ಮುಚ್ಚಿದರೆ ಕಾವಿಗೆ ಬಿಡುತ್ತದೆ. ಮತ್ತೆ ಏನೇ ಮುಟ್ಟುವ ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ.

ಪ್ರಶ್ನೆ: 64 ಜಿಬಿ ಇಎಂಎಂಸಿ ಇರುವ ಚಿಕ್ಕ ಲ್ಯಾಪ್‌ಟಾಪ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಬಹುದಾ?
— ಪಿಯುಸಿ ವಿದ್ಯಾರ್ಥಿಯ ತಂದೆ, ಕೊಪ್ಪಳ

ಉತ್ತರ: ತೆಗೆಯಲು ಆಗುವುದಿಲ್ಲ, ಇಎಂಎಂಸಿ ಅನ್ನುವ ಶೇಖರಣೆಯ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆದರೆ ಕೆಲವು ಮಾಡೆಲ್‌ಗಳಲ್ಲಿ ಅದರ ಜೊತೆಗೆ ಎಂ.2 ಸ್ಲಾಟ್ ಕೂಡ ಇರುತ್ತದೆ. ಮಾಡೆಲ್ ನಂಬರ್ ಹಿಡಿದು ಮ್ಯಾನ್ಯುಯಲ್ ನೋಡಿ. ಇದ್ದರೆ ಎಸ್‌ಎಸ್‌ಡಿ ಹಾಕಿ ವಿಂಡೋಸನ್ನು ಅದಕ್ಕೇ ಇನ್‌ಸ್ಟಾಲ್ ಮಾಡಿ. ಇಲ್ಲದಿದ್ದರೆ ಮಗನ ನೋಟ್ಸ್, ವಿಡಿಯೋಗಳಿಗೆ ಒಂದು ಮೆಮೊರಿ ಕಾರ್ಡ್ ಹಾಕಿ, ಈ ಯಂತ್ರಕ್ಕೆ ಅದಕ್ಕಿಂತ ಜಾಸ್ತಿ ಸುರಿಯಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರಕ್ಕೂ ಕಮ್ಮಿಗೆ ಸಿಗುತ್ತಿದೆ. ತಗೊಳ್ಳಲಾ?
— ಮೊಬೈಲ್ ಅಂಗಡಿ ಮಾಲೀಕರು, ಸಿಂಧನೂರು

ಉತ್ತರ: ಬೇಡ. ಅದು ನಕಲಿ. ಒಳಗೆ ಚಿಕ್ಕದೊಂದು ಮೆಮೊರಿ ಕಾರ್ಡ್ ಇಟ್ಟು, 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ತಿದ್ದಿರುತ್ತಾರೆ. ವಿಂಡೋಸ್ ಕೂಡ ಅದನ್ನೇ ನಂಬಿ 16 ಟಿಬಿ ತೋರಿಸುತ್ತದೆ. ಕಾಪಿ ಆದ ಹಾಗೆ ಕಾಣುತ್ತದೆ, ಆಮೇಲೆ ತೆರೆದರೆ ಫೈಲ್ ಹಾಳಾಗಿರುತ್ತದೆ. ಈಗಾಗಲೇ ಯಾರಾದರೂ ಕೊಂಡಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿ, ಅದು ಜಾಗದ ತುಂಬ ಡೇಟಾ ಬರೆದು ವಾಪಸ್ ಓದಿ ಹೋಲಿಸುತ್ತದೆ, ನಿಜವಾದ ಅಳತೆ ಬಯಲಾಗುತ್ತದೆ. ಆ ವರದಿಯ ಸ್ಕ್ರೀನ್‌ಶಾಟ್ ಹಾಕಿ ವಾಪಸಾತಿ ಅವಧಿ ಮುಗಿಯುವ ಮೊದಲೇ ದುಡ್ಡು ಕೇಳಿ.